ಐದಕ್ಕೆ ಎರಡು

"ಕುಡೀತಾರಾ?"

ಆ ದಿನ ಬೆಳಿಗ್ಗೆ ಹತ್ತರಿಂದ ಸಂಜೆಯೊಳಗೆ ಈ ಪ್ರಶ್ನೆಯನ್ನು ನನಗೆ ಏಳು ಜನ ಕೇಳಿದರು. ಚೀಟಿ ಬರೆಯುವವನು ಕೇಳಿದ, ಗಾಲಿಮಂಚ ತಳ್ಳುವವನು ಕೇಳಿದ, ರಕ್ತ ತೆಗೆಯಲು ಬಂದವಳು ಕೇಳಿದಳು, ಸಿಸ್ಟರ್ ಕೇಳಿದರು, ಇಬ್ಬರು ಡಾಕ್ಟರು ಕೇಳಿದರು. ಕೊನೆಗೆ ಪಕ್ಕದ ಮಂಚದ ಮುದುಕನೂ ಕೇಳಿದ. ಅವನಿಗೇನು ಬಂದಿತ್ತೋ ಕೇಡು! ನಮ್ಮವರು ಕುಡಿಯುವವರಲ್ಲ. ಗಡ್ಡ ಕೆರೆದ ಮೇಲೆ ಹಚ್ಚುವ ಲೋಷನ್ನಿನ ವಾಸನೆ ಬಿಟ್ಟರೆ ಇನ್ನೊಂದು ವಾಸನೆ ಅವರ ಮೈಯಿಂದ ಬಂದದ್ದನ್ನು ನಾನು ಕಂಡಿಲ್ಲ. ನನಗೆ ರೇಗಿಹೋಯಿತು. ಮುದುಕನಿಗೆ ಹೇಳಿಯೇಬಿಟ್ಟೆ: "ಕುಡೀತಾರೆ ಸ್ವಾಮಿ, ದಿನಾ ನನ್ನ ರಕ್ತ ಕುಡೀತಾರೆ."

ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿದ್ದ ನಮ್ಮವರು ಅಷ್ಟು ನೋವಿನಲ್ಲೂ ತಲೆಯೆತ್ತಿ, "ಅದ್ರಲ್ಲೂ ರುಚಿ ಇಲ್ಲ, ಬರೀ ಖಾರ," ಅಂದರು. ಅಂದು, ಮುದುಕ ನಕ್ಕನೋ ಇಲ್ಲವೋ ಎಂದು ಅವನ ಮುಖ ನೋಡಿದರು.

ಹಾಗೆ ನೋಡುವುದು ಅವರ ಕಸುಬಿನಿಂದ ಬಂದ ಚಾಳಿ. ನಮ್ಮದು ಕ್ಷೌರದಂಗಡಿ. ಎರಡು ತಿರುಗುವ ಕುರ್ಚಿ, ಗೋಡೆಯುದ್ದದ ಕನ್ನಡಿ, ನೀರು ಚಿಮುಕಿಸುವ ಬಾಟಲಿ, ಪಟಿಕದ ಒಂದು ಗಟ್ಟಿ, ಇವುಗಳ ಜೊತೆಗೆ ಒಂದು ನಿಲ್ಲದ ಬಾಯಿ. ಕೂದಲು ಕತ್ತರಿಸುವವನು ಗಿರಾಕಿಯ ಬೆನ್ನ ಹಿಂದೆ ನಿಂತಿರುತ್ತಾನೆ, ಅವನಿಗೆ ಮುಖ ಕಾಣುವುದು ಕನ್ನಡಿಯಲ್ಲಿ. ಹಾಗಾಗಿ ನಮ್ಮವರು ಹಿಂದಿನಿಂದ ಒಂದು ತಮಾಷೆ ಎಸೆದು, ಕತ್ತರಿ ನಿಲ್ಲಿಸಿ, ಕಣ್ಣೆತ್ತಿ ಕನ್ನಡಿ ನೋಡುತ್ತಿದ್ದರು. ಗಿರಾಕಿಯ ಮುಖದಲ್ಲಿ ನಗು ಕಂಡ ಮೇಲೆಯೇ ಕತ್ತರಿ ಮುಂದೆ ಹೋಗುತ್ತಿತ್ತು. ಕನ್ನಡಿ ಇಲ್ಲದ ಕಡೆಯೂ ಹಾಗೇ, ಮನೆಯಲ್ಲೂ ಹಾಗೇ. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಎಂದು ನಾನು ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದೆ. "ತೂತೇ ಇಲ್ದಿದ್ರೆ ಹೊಗೆ ಎಲ್ಲಿಂದ ಹೋಗ್ಬೇಕೇ?" ಎನ್ನುತ್ತಿದ್ದರು. ಅಂದು, ನನ್ನ ಮುಖ ನೋಡುತ್ತಿದ್ದರು. ನಾನು ಬಂದ ನಗುವನ್ನು ತಡೆದುಕೊಂಡು ಪಾತ್ರೆ ಕುಕ್ಕುತ್ತಿದ್ದೆ. ಮೂವತ್ತೊಂದು ವರ್ಷದ ಸಂಸಾರ ಹೀಗೇ ನಡೆದಿತ್ತು.

ಅವತ್ತು, ಬುಧವಾರ, ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತಿದ್ದವರು ಎದುರು ಸಾಲಿನ ಔಷಧಿ ಅಂಗಡಿಯವರು. ಎಡಗಡೆ ಮುಗಿದಿತ್ತು, ಬಲಗಡೆಗೆ ಕೈ ಹಾಕಬೇಕಿತ್ತು, ಅಷ್ಟರಲ್ಲಿ ಕತ್ತರಿ ಕೆಳಗೆ ಬಿತ್ತಂತೆ. "ಇಪ್ಪತ್ತು ವರ್ಷದಿಂದ ತಲೆ ಕೊಡ್ತಿದ್ದೀನಿ ಅಕ್ಕ, ಅವರ ಕೈಯಿಂದ ಬಾಚಣಿಗೆ ಬಿದ್ದದ್ದೂ ನೋಡಿಲ್ಲ," ಎಂದು ಆಮೇಲೆ ನನಗೆ ಹೇಳಿದರು. ಮೇಲ್ಹೊಟ್ಟೆಯಲ್ಲಿ ಎದ್ದ ನೋವು ಬೆನ್ನು ತೂರಿಕೊಂಡು ಹೊರಗೆ ಬಂದ ಹಾಗಿತ್ತಂತೆ. ವಾಂತಿ, ಮೈಯೆಲ್ಲ ಬೆವರು. ಔಷಧಿ ಅಂಗಡಿಯವರು ತಮ್ಮ ಕುತ್ತಿಗೆಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ನಮ್ಮವರನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಆ ಅರ್ಧ ತಲೆಯನ್ನು ನೋಡಿ, ಇವರೇ ರೋಗಿ ಎಂದು ಇವರ ಹೆಸರು ಕೇಳಿದನಂತೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ತಲೆಯ ಕತೆ ವಾರ್ಡಿಗೆಲ್ಲ ಗೊತ್ತಾಗಿತ್ತು. ಹೇಳಿದವರು ಬೇರೆ ಯಾರು, ನಮ್ಮವರೇ. ನೋವಿನ ಇಂಜೆಕ್ಷನ್ ಕೊಟ್ಟು ಸ್ವಲ್ಪ ಸಡಿಲವಾದ ಕೂಡಲೇ ಬಾಯಿ ಬಿಚ್ಚಿದರು. "ಬಲಗಡೆ ಬಾಕಿ ಇದೆ. ಅದನ್ನ ಮುಗಿಸ್ದೆ ಯಮ ಬಂದು ಕರೆದ್ರೂ ಹೋಗಲ್ಲ, ಕುರ್ಚೀಲಿ ಕೂತ್ಕೊಳಯ್ಯ ಅಂತೀನಿ." ಸಿಸ್ಟರ್ ನಕ್ಕರು. ನಮ್ಮವರು ಅವರ ಮುಖ ನೋಡಿ ತೃಪ್ತಿಪಟ್ಟುಕೊಂಡು ಕಣ್ಣುಮುಚ್ಚಿದರು.

ನಮಗೆ ಎಲ್ಲವನ್ನೂ ಬಿಡಿಸಿ ಹೇಳಿದವರು ಚಿಕ್ಕ ಡಾಕ್ಟರು. ಮೂವತ್ತರ ಒಳಗಿನ ವಯಸ್ಸು, ಕಿವಿಯ ಮೇಲೆ ಬಿದ್ದ ಕೂದಲು, ನಿದ್ದೆಯಿಲ್ಲದ ಕಣ್ಣು. "ಪಿತ್ತಕೋಶದಿಂದ ಒಂದು ಸಣ್ಣ ಕಲ್ಲು ಜಾರಿ ಬಂದಿದೆ ಅಮ್ಮ. ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ. ತಿಂದದ್ದನ್ನ ಅರಗಿಸೋ ರಸ ಮಾಡೋದು ಅದರ ಕೆಲಸ. ಈಗ ಅದು ತನ್ನನ್ನೇ ಅರಗಿಸ್ಕೊಳ್ತಿದೆ."

ನಮ್ಮವರು ಮಂಚದಿಂದಲೇ, "ಕೇಳಿದ್ಯೇನೇ? ಡಬ್ಬೀಲಿ ಜೀರಿಗೆ ಮುಗಿದು ನಾಲ್ಕು ದಿನ ಆಯ್ತು ಅಂತ ಗೋಳು ಹುಯ್ಕೊಳ್ತಿದ್ದೆ, ನನ್ನ ಹೊಟ್ಟೇಲೇ ಇತ್ತಂತೆ ನೋಡು," ಅಂದರು.

"ವಾಸಿಯಾಗುತ್ತಾ ಡಾಕ್ಟ್ರೇ?" ಎಂದು ಕೇಳಿದಳು ಮಗಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು. ಪಾಠ ಅರ್ಧಕ್ಕೆ ಬಿಟ್ಟು ಬಂದಿದ್ದಳು, ಕೈಬೆರಳಲ್ಲಿ ಸೀಮೆಸುಣ್ಣ ಹಾಗೇ ಇತ್ತು.

"ಐದು ಜನರಲ್ಲಿ ನಾಲ್ಕು ಜನ ಒಂದು ವಾರದಲ್ಲಿ ಎದ್ದು ಮನೆಗೆ ಹೋಗ್ತಾರೆ. ಒಬ್ಬರಿಗೆ ಕಷ್ಟ ಆಗುತ್ತೆ. ಆ ಒಬ್ಬರು ಯಾರು ಅನ್ನೋದು ಮೊದಲನೇ ದಿನ ಹೇಳೋಕಾಗಲ್ಲ. ನೋವು ಎಲ್ಲರಿಗೂ ಒಂದೇ ಥರ ಇರುತ್ತೆ. ಅದಕ್ಕೇ ಈ ಲೆಕ್ಕ."

ಅವರು ತೋರಿಸಿದ್ದು ಒಂದು ಹಾಳೆ. ಅದರಲ್ಲಿ ಒಂದರ ಕೆಳಗೊಂದು ಐದು ಚೌಕ, ಒಂದೊಂದಕ್ಕೆ ಒಂದು ಅಂಕ. ರಕ್ತದಲ್ಲಿ ಯೂರಿಯಾ ಏರಿದ್ದರೆ ಒಂದು. ಬುದ್ಧಿ ಸ್ತಿಮಿತದಲ್ಲಿ ಇಲ್ಲದಿದ್ದರೆ ಒಂದು. ನಾಡಿ, ಉಸಿರು, ಜ್ವರ ಎಲ್ಲ ಸೇರಿ ಕೆಟ್ಟಿದ್ದರೆ ಒಂದು. ವಯಸ್ಸು ಅರವತ್ತು ದಾಟಿದ್ದರೆ ಒಂದು. ಎದೆಯ ಫೋಟೋದಲ್ಲಿ ಶ್ವಾಸಕೋಶದ ಸುತ್ತ ನೀರು ಕಂಡರೆ ಒಂದು. ಒಟ್ಟು ಮೂರು ಬಂದರೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ, ಮೇಲಿನ ಮಹಡಿಯ ಐ.ಸಿ.ಯು.ಗೆ ಕಳಿಸುತ್ತೇವೆ ಎಂದರು.

"ಜಾಸ್ತಿ ಬಂದ್ರೆ ಫೇಲಾ ಡಾಕ್ಟ್ರೇ?" ಅಂದರು ನಮ್ಮವರು. "ಹಾಗಾದ್ರೆ ಹೆದ್ರಬೇಡಿ. ಶಾಲೇಲಿ ನಾನು ಐದಕ್ಕೆ ಒಂದು ದಾಟಿದವನೇ ಅಲ್ಲ." ಡಾಕ್ಟರು ನಕ್ಕರು. ನಮ್ಮವರಿಗೆ ಐವತ್ತೆಂಟು ವರ್ಷ. ಫೋಟೋದಲ್ಲಿ ನೀರಿಲ್ಲ. ಅವತ್ತು ಬಂದದ್ದು, ನಾಡಿ ಉಸಿರಿಗಾಗಿ, ಒಂದೇ ಅಂಕ. "ನಾಳೆ ಬೆಳಿಗ್ಗೆ ಇನ್ನೊಂದು ಸಲ ಹಾಕ್ತೀನಿ," ಎಂದು ಹೋದರು.

ಬಾಯಿಗೆ ಏನೂ ಕೊಡುವ ಹಾಗಿರಲಿಲ್ಲ. ಕೈಯ ನರಕ್ಕೆ ಬಾಟಲಿಯ ಮೇಲೆ ಬಾಟಲಿ ನೀರು ಹೋಗುತ್ತಿತ್ತು, ಮಂಚದ ಕೆಳಗಿನ ಮೂತ್ರದ ಚೀಲದಲ್ಲಿ ಮಾತ್ರ ಒಂದು ಲೋಟದಷ್ಟೂ ಇಳಿದಿರಲಿಲ್ಲ, ಬಣ್ಣವೂ ಕಾಫಿಯ ಹಾಗೆ. ಸಿಸ್ಟರ್ ಗಂಟೆಗೊಮ್ಮೆ ಬಗ್ಗಿ ಅದನ್ನು ನೋಡಿ ಬರೆದುಕೊಳ್ಳುತ್ತಿದ್ದರು. ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ನನಗೆ ದಿಗಿಲಾಗುತ್ತಿತ್ತು. ನಾನು ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತುತ್ತಾ ಕೂತೆ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಮಗಳು ರಕ್ತದ ವರದಿ ಹಿಡಿದುಕೊಂಡು ಓಡಿ ಬಂದಳು. ಆ ಗ್ರಂಥಿಯಿಂದ ರಕ್ತಕ್ಕೆ ಸೋರುವ ಅಮೈಲೇಸ್ ಎಂಬ ಒಂದು ಪದಾರ್ಥ ಇದೆಯಂತೆ, ಹಿಂದಿನ ದಿನ ಅದು ಎರಡು ಸಾವಿರದ ಒಂಬೈನೂರು ಇತ್ತು. ನೂರರ ಹತ್ತಿರ ಇರಬೇಕಾದದ್ದು. ಈಗ ಒಂಬೈನೂರಕ್ಕೆ ಇಳಿದಿತ್ತು. ಇಳಿದಿತ್ತು! ನನಗೆ ಹೋದ ಜೀವ ಬಂದ ಹಾಗಾಯಿತು. ಪಕ್ಕದ ಮುದುಕನಿಗೆ ಹೇಳಿದೆ, ನೆಲ ಒರೆಸುವವಳಿಗೆ ಹೇಳಿದೆ, ಔಷಧಿ ಅಂಗಡಿಯವರಿಗೆ ಫೋನು ಮಾಡಿ ಹೇಳಿದೆ. "ಸದ್ಯ! ಹಾಗಾದ್ರೆ ನಾನು ಟೋಪಿ ಹಾಕ್ಕೊಂಡೇ ಕಾಯ್ತೀನಿ ಅಂತ ಹೇಳಿ ಅಕ್ಕ," ಅಂದರು ಅವರು.

ಹತ್ತು ಗಂಟೆಗೆ ಚಿಕ್ಕ ಡಾಕ್ಟರು ಬಂದಾಗ ಅವರಿಗೂ ಹೇಳಿದೆ. ಅವರು ಆ ಸಾಲನ್ನು ಸರಿಯಾಗಿ ನೋಡಲೂ ಇಲ್ಲ. "ಅದು ತಾನಾಗಿ ಇಳಿಯುತ್ತೆ ಅಮ್ಮ, ಕಾಯಿಲೆ ಏರ್ತಿದ್ರೂ ಇಳಿಯುತ್ತೆ. ನಾವು ಅದನ್ನ ನೋಡಲ್ಲ. ಯೂರಿಯಾ ಏರಿದೆ, ಅದು ನನಗೆ ಸರಿ ಕಾಣ್ತಿಲ್ಲ." ನನಗೆ ಸಿಟ್ಟು ಬಂತು. ಇಳಿದದ್ದನ್ನು ಇಳಿದಿದೆ ಅನ್ನಲು ಇವರ ಗಂಟೇನು ಹೋಗುತ್ತದೆ! ಮೂರು ಪಾಲಿನಲ್ಲಿ ಎರಡು ಪಾಲು ಕರಗಿದೆ, ಕಣ್ಣೆದುರಿಗೆ ಅಂಕಿ ಇದೆ. ಹೀಗೆ ಹೆದರಿಸುವುದೇ ಇವರ ಕೆಲಸ ಎಂದುಕೊಂಡೆ.

ಅವರು ಹಾಳೆ ತೆಗೆದರು. ಯೂರಿಯಾಕ್ಕೆ ಒಂದು ಬಿತ್ತು. ನಾಡಿ ಉಸಿರಿಗೆ ನಿನ್ನೆಯ ಒಂದು ಹಾಗೇ ಉಳಿಯಿತು. ವಯಸ್ಸಿಗೆ ಸೊನ್ನೆ, ಹೊಸ ಫೋಟೋದಲ್ಲೂ ನೀರಿಲ್ಲ, ಸೊನ್ನೆ. ಉಳಿದದ್ದು ಎರಡನೇ ಚೌಕ.

"ಯಜಮಾನ್ರೇ, ಇದು ಯಾವ ಜಾಗ ಹೇಳಿ ನೋಡೋಣ."

ನಮ್ಮವರು ಅವರ ಕಿವಿಯ ಮೇಲಿನ ಕೂದಲನ್ನೇ ನೋಡುತ್ತಿದ್ದರು. "ಅಂಗಡಿ," ಅಂದರು.

"ಯಾರ ಅಂಗಡಿ?"

"ನಂದೇ. ಇನ್ಯಾರದ್ದು?"

ಮುದುಕ ಕಿಸಕ್ಕೆಂದ. ಡಾಕ್ಟರೂ ತುಟಿ ಬಿಗಿಹಿಡಿದು, "ಇವತ್ತು ಯಾವ ವಾರ?" ಎಂದರು. ಅವತ್ತು ಗುರುವಾರ.

ನಮ್ಮವರು ವಾರ್ಡಿನ ಉದ್ದಕ್ಕೂ ಕಣ್ಣಾಡಿಸಿದರು. ಮಂಚದ ಪಕ್ಕ ಮಂಚ, ಸ್ಟೂಲಿನ ಮೇಲೆ ಕೂತ ಸಂಬಂಧಿಕರು. "ಭಾನುವಾರ. ನೋಡಿ, ಎಷ್ಟು ಜನ ಕಾಯ್ತಾ ಕೂತಿದ್ದಾರೆ."

ಈಗ ನಾಲ್ಕೈದು ಮಂಚದವರು ನಕ್ಕರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಡಲು ಬಗ್ಗಿದರು. ನಮ್ಮವರು ಎಡಗೈಯನ್ನು ಅವರ ತಲೆಯ ಮೇಲಿಟ್ಟು, ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಬಲಗೈಯ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸತೊಡಗಿದರು. "ಅಲ್ಲಾಡಬೇಡಿ. ಬಲಗಡೆ ಬಾಕಿ ಇದೆ."

ವಾರ್ಡಿಗೆ ವಾರ್ಡೇ ಗೊಳ್ಳೆಂದಿತು. ಮುದುಕ ಚಪ್ಪಾಳೆ ಹೊಡೆದ. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಡಾಕ್ಟರು ಕೆಂಪಾಗಿ, ನಗುತ್ತಾ, ತಲೆ ಬಿಡಿಸಿಕೊಂಡರು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಂಕಿ ಇಳಿದಿದೆ, ಇವರ ಬಾಯಿ ಮೊದಲಿನ ಹಾಗಾಗಿದೆ, ಇನ್ನೇನು ಬೇಕು!

ನಗದವಳು ಮಗಳೊಬ್ಬಳೇ. ನನ್ನ ತೋಳು ಹಿಡಿದು ಮೆಲ್ಲಗೆ, "ಅಮ್ಮ, ಅಪ್ಪ ತಮಾಷೆ ಮಾಡ್ತಿಲ್ಲ ಅನ್ಸುತ್ತೆ," ಅಂದಳು.

"ಸುಮ್ನಿರೇ, ಕಂಡಿದ್ದೀನಿ," ಎಂದು ಅವಳ ಕೈ ಕೊಡವಿದೆ. "ನೀನು ಹುಟ್ಟೋಕೆ ಐದು ವರ್ಷ ಮುಂಚಿನಿಂದ ಇವರ ಜೊತೆ ಏಗ್ತಿದ್ದೀನಿ. ಇವರ ಕೆಮ್ಮು ಕೇಳಿದ್ರೆ ಯಾತಕ್ಕೆ ಕೆಮ್ಮಿದ್ರು ಅಂತ ಹೇಳ್ತೀನಿ. ನನಗೇ ಹೇಳ್ಕೊಡೋಕೆ ಬರ್ತಾಳೆ, ದೊಡ್ಡ ಟೀಚರು!" ಅಷ್ಟು ಜನರ ಮುಂದೆ ಅಂದೆ. ಅವಳ ಮುಖ ಚಿಕ್ಕದಾಯಿತು.

ಡಾಕ್ಟರ ನಗು ನಿಂತಿತ್ತು. ಪೆನ್ನನ್ನು ಎರಡನೇ ಚೌಕದ ಮೇಲೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಅಮ್ಮ, ಇವರು ಮಾಮೂಲಾಗೂ ಹೀಗೇ ಮಾತಾಡ್ತಾರಾ? ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನಾನು ಇವರನ್ನ ನೋಡಿದ್ದು ನಿನ್ನೆಯಿಂದ, ನಿಮಗೆ ಗೊತ್ತಿರುತ್ತೆ. ಇದಕ್ಕೆ ಒಂದು ಹಾಕಿದ್ರೆ ಮೂರಾಗುತ್ತೆ. ಮೇಲೆ ಒಂದು ಮಂಚ ಖಾಲಿ ಇದೆ, ಈಗಲೇ ಕಳಿಸ್ತೀನಿ."

ನಿಜ ಹೇಳಿಬಿಡುತ್ತೇನೆ. ಆ ಮಹಡಿಗೆ ಹೋದವರು ಕಾಲ ಮೇಲೆ ನಡೆದು ಬರುವುದಿಲ್ಲ ಎಂದು ನನ್ನ ತಲೆಯಲ್ಲಿ ಕೂತಿತ್ತು. ಅಲ್ಲಿ ನಮ್ಮನ್ನು ಬಿಡುವುದಿಲ್ಲ, ಗಾಜಿನಾಚೆ ನಿಲ್ಲಿಸುತ್ತಾರೆ. ಇವರು ಮಾತಾಡಿದರೆ ಕೇಳುವವರು ಯಾರೂ ಇರುವುದಿಲ್ಲ. ಒಂದು ತಮಾಷೆಗಾಗಿ ಅಲ್ಲಿಗೆ ಕಳಿಸುತ್ತಾರಲ್ಲ ಎನಿಸಿತು.

"ಅಯ್ಯೋ ಡಾಕ್ಟ್ರೇ," ಅಂದೆ, "ಇವರು ಯಾವಾಗ್ಲೂ ಹೀಗೇ."

ಅವರು ಇನ್ನೊಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಸೊನ್ನೆ ಹಾಕಿದರು. ಸೊನ್ನೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಉದ್ದಕ್ಕೆ ಏನೋ ಬರೆದರು. ಕೆಳಗೆ ಒಟ್ಟು ಹಾಕಿದರು. ಐದಕ್ಕೆ ಎರಡು.

ಹನ್ನೊಂದೂವರೆಗೆ ಕೆಳಗಿನಿಂದ ಒಂದು ಗಾಲಿಮಂಚ ನಮ್ಮ ವಾರ್ಡಿನ ಮುಂದೆ ಹಾದು ಲಿಫ್ಟಿನೊಳಗೆ ಹೋಯಿತು. ಯಾರೋ ದಪ್ಪನೆಯ ಹೆಂಗಸು, ಮೂಗಿಗೆ ಆಮ್ಲಜನಕ, ಜೊತೆಗೆ ಅಳುವ ಇಬ್ಬರು. ಖಾಲಿ ಇದ್ದ ಮಂಚ ತುಂಬಿತು. ಸದ್ಯ, ನಮ್ಮವರಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರನ್ನು ನೆನೆದರೆ ಈಗ ನನಗೆ ನನ್ನ ಮೇಲೆಯೇ ಥೂ ಎನ್ನುವ ಹಾಗಾಗುತ್ತದೆ.

ಮಗಳನ್ನು ಶಾಲೆಗೆ ಕಳಿಸಿದೆ. ಮಧ್ಯಾಹ್ನ ಒಂದು ಗಂಟೆಯ ಮೇಲೆ ವಾರ್ಡು ಸದ್ದಡಗಿತು. ಮುದುಕ ಗೊರಕೆ ಹೊಡೆಯುತ್ತಿದ್ದ. ನಮ್ಮವರು ಹೊದಿಕೆಯ ಮೇಲೆ ಏನನ್ನೋ ಹೆಕ್ಕುತ್ತಿದ್ದರು. ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ತೆಗೆಯುವುದು, ಪಕ್ಕಕ್ಕೆ ಬಿಡುವುದು, ಮತ್ತೆ ಚಿವುಟುವುದು. ಗಿರಾಕಿಯ ಹೆಗಲ ಬಟ್ಟೆಯ ಮೇಲಿನ ಕೂದಲನ್ನು ಹೀಗೇ ಹೆಕ್ಕುತ್ತಿದ್ದರು. ಹೊದಿಕೆಯ ಮೇಲೆ ಕೂದಲಿರಲಿಲ್ಲ.

"ಸಾಕು ಬಿಡ್ರೀ," ಅಂದೆ. "ನಗೋಕೆ ಯಾರೂ ಎದ್ದಿಲ್ಲ."

ಅವರು ನಿಲ್ಲಿಸಲಿಲ್ಲ. ಉಸಿರು ಸಣ್ಣಸಣ್ಣಗೆ, ಬೇಗಬೇಗ ಬರುತ್ತಿತ್ತು. ನಾನು ಎದ್ದು ಕೈ ಹಿಡಿದುಕೊಂಡೆ. ಆಗ ನನ್ನನ್ನು ನೋಡಿದರು. ನೋಡಿ, ಬಲು ಮರ್ಯಾದೆಯಿಂದ, "ನೀವು ಹೊರಗೆ ಕೂತ್ಕೊಳ್ಳಿ ಅಮ್ಮ," ಅಂದರು. "ಇಲ್ಲಿ ಹೆಂಗಸರಿಗೆ ಮಾಡಲ್ಲ."

ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಏನೇ ಅಂದಿದ್ದಾರೆ, ನೋಡೇ ಅಂದಿದ್ದಾರೆ, ಸಿಟ್ಟು ಬಂದಾಗ ಕತ್ತೆ ಅಂದಿದ್ದಾರೆ. ನೀವು ಅಂದಿರಲಿಲ್ಲ. ತಮಾಷೆಗೂ ಅಂದಿರಲಿಲ್ಲ.

ಹೇಳಿ ಮುಗಿಸಿ ಅವರು ನನ್ನ ಮುಖ ನೋಡಲಿಲ್ಲ. ನಕ್ಕೆನೋ ಇಲ್ಲವೋ ಎಂದು ನೋಡಲೇ ಇಲ್ಲ. ಮತ್ತೆ ಹೊದಿಕೆಗೆ ಕೈ ಹಾಕಿದರು. ಬೆಳಿಗ್ಗೆಯೂ ನೋಡಿರಲಿಲ್ಲ. ಅಂಗಡಿ ಅಂದಾಗ ನೋಡಿರಲಿಲ್ಲ, ಭಾನುವಾರ ಅಂದಾಗ ನೋಡಿರಲಿಲ್ಲ, ಇಡೀ ವಾರ್ಡು ಗೊಳ್ಳೆಂದಾಗ ಒಬ್ಬರ ಮುಖವನ್ನೂ ನೋಡದೆ ಡಾಕ್ಟರ ಕೂದಲನ್ನೇ ನೋಡುತ್ತಿದ್ದರು. ಎಲ್ಲರೂ ನಕ್ಕಿದ್ದರು. ಅವರೊಬ್ಬರು ಕೆಲಸ ಮಾಡುತ್ತಿದ್ದರು. ಕೆಮ್ಮಿನಲ್ಲೂ ಗುರುತು ಹಿಡಿಯುತ್ತೇನೆ ಎಂದು ಜಂಬ ಕೊಚ್ಚಿದ ನನಗೆ ಇಷ್ಟು ಕಾಣಲಿಲ್ಲ.

"ಸಿಸ್ಟರ್!" ಎಂದು ಕೂಗಿದ್ದು ನೆನಪಿದೆ. ಆಮೇಲೆ ಓಡಾಟ. ಮೂಗಿಗೆ ಕೊಳವೆ, ಇನ್ನೊಂದು ಕೈಗೆ ಸೂಜಿ. ಬೆಳಿಗ್ಗೆಯಿಂದ ಮೂತ್ರದ ಚೀಲಕ್ಕೆ ಹೆಚ್ಚುಕಡಿಮೆ ಏನೂ ಇಳಿದಿರಲಿಲ್ಲ. ನಾಲ್ಕು ಗಂಟೆಗೆ ದೊಡ್ಡ ಡಾಕ್ಟರು ಬಂದರು, ಹಿಂದೆಯೇ ಚಿಕ್ಕ ಡಾಕ್ಟರು. ದೊಡ್ಡವರು ನಮ್ಮವರ ಕಣ್ಣಿಗೆ ದೀಪ ಹಾಕಿ ನೋಡಿ, "ಯಾವಾಗಿಂದ ಹೀಗೆ ಮಾತಾಡ್ತಿದ್ದಾರೆ?" ಎಂದು ನನ್ನನ್ನು ಕೇಳಿದರು.

ನಾನು ಬಗ್ಗಿ ಹೊದಿಕೆಯ ಅಂಚು ಸರಿಮಾಡತೊಡಗಿದೆ. ಶಾಲೆಯಿಂದ ಬಂದ ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳೂ ಇನ್ನೊಂದು ಅಂಚು ಹಿಡಿದು ಎಳೆದಳು.

"ಬೆಳಿಗ್ಗೆಯಿಂದ, ಸರ್," ಅಂದರು ಚಿಕ್ಕ ಡಾಕ್ಟರು. "ನಾನು ತಪ್ಪು ಅಂದಾಜು ಮಾಡಿದೆ."

ದೊಡ್ಡವರು ಅವರನ್ನು ಒಮ್ಮೆ ನೋಡಿದರು. ಎಲ್ಲರ ಮುಂದೆ ಬೈಯಲಿಲ್ಲ. ಆ ಹುಡುಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ, ಈ ಹೆಂಗಸು ಹೇಳಿದ್ದು ಸರ್ ಎಂದು ಬೊಟ್ಟು ಮಾಡಿದ್ದರೆ, ನಾನು ಒಂದಷ್ಟು ಕೂಗಾಡಿ ಹಗುರವಾಗುತ್ತಿದ್ದೆನೋ ಏನೋ.

ಮೇಲಿನ ಮಂಚ ಅಷ್ಟರಲ್ಲಿ ತುಂಬಿತ್ತಲ್ಲ. ಇನ್ನೊಂದು ಖಾಲಿಯಾದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಉಸಿರಾಟಕ್ಕೆ ಯಂತ್ರ ಬೇಕಾಗಿತ್ತು. ಆಮೇಲೆ ರಕ್ತ ತೊಳೆಯುವ ಯಂತ್ರವೂ ಬಂತು. ಗಾಜಿನಾಚೆ ನಿಂತು ನೋಡಿದರೆ ಆ ನಿಲ್ಲದ ಬಾಯಿಯೊಳಗೆ ಕೊಳವೆ ತುರುಕಿ ಪಟ್ಟಿ ಅಂಟಿಸಿದ್ದರು. ದಿನಾ ಗಡ್ಡ ಕೆರೆಯುತ್ತಿದ್ದ ಮುಖದಲ್ಲಿ ಬಿಳಿ ಕೂದಲು ಚಿಗುರಿತ್ತು. ಮಗಳು ದಿನಾ ಅಂಕಿಗಳನ್ನು ಕೇಳಿ ಬಂದು ಹೇಳುತ್ತಿದ್ದಳು. ಅಮೈಲೇಸ್ ಪೂರ್ತಿ ಇಳಿದು ನೂರಕ್ಕೆ ಬಂದಿತ್ತು. ಅವರು ಹೋದದ್ದು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ.

ದೊಡ್ಡ ಡಾಕ್ಟರನ್ನು ತಡೆದು ಕೇಳಿದೆ: "ಗುರುವಾರ ಬೆಳಿಗ್ಗೇನೇ ಮೇಲೆ ಹೋಗಿದ್ರೆ?"

"ಹೇಳೋಕಾಗಲ್ಲ ಅಮ್ಮ. ಹೋಗಿದ್ರೂ ಹೀಗೇ ಆಗ್ತಿತ್ತೇನೋ. ಈ ಕಾಯಿಲೆ ಹಾಗೆ."

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹೌದು ನೀನೇ ಕೊಂದೆ ಅಂದಿದ್ದರೂ ಒಂದು ಗೋಡೆ ಸಿಗುತ್ತಿತ್ತು, ತಲೆ ಚಚ್ಚಿಕೊಳ್ಳಲು.

ಹದಿನೈದು ದಿನದ ಮೇಲೆ ಮಗಳು ಆಸ್ಪತ್ರೆಗೆ ಹೋಗಿ ಇಡೀ ಕಡತದ ಜೆರಾಕ್ಸ್ ತಂದಳು. ಯಾಕೆ ಎಂದರೆ, "ಉತ್ತರ ಮಾತ್ರ ಕೊಟ್ರೆ ಸಾಲ್ದು ಅಮ್ಮ, ಲೆಕ್ಕ ಬಿಡಿಸಿದ್ದು ಹೇಗೆ ಅಂತ ನೋಡ್ಬೇಕು," ಎಂದಳು. ಅಡುಗೆಮನೆಯ ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಳು. ನನಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಗೊತ್ತಾಗುತ್ತದೆ. ಅವಳು ಬೆರಳಿಟ್ಟು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಐದು ಚೌಕದ ಹಾಳೆ ಬಂತು. ನಾನು ಗುರುತು ಹಿಡಿದೆ.

"ಯೂರಿಯಾ, ಒಂದು," ಅಂದಳು. ಬೆರಳು ಎರಡನೇ ಚೌಕಕ್ಕೆ ಇಳಿಯಿತು, ಒಂದು ಗಳಿಗೆ ನಿಂತಿತು, ಮೂರನೆಯದಕ್ಕೆ ಹಾರಿತು. "ನಾಡಿ, ಉಸಿರು, ಒಂದು."

"ಮಧ್ಯದಲ್ಲಿ ಒಂದು ಬಿಟ್ಯಲ್ಲೇ."

"ಅದು ಸೊನ್ನೆ ಅಮ್ಮ."

"ಪಕ್ಕದಲ್ಲಿ ಉದ್ದಕ್ಕೆ ಏನೋ ಬರೆದಿದೆಯಲ್ಲ?"

"ಡಾಕ್ಟರ ಸಹಿ ಅದು," ಅಂದಳು. ಅಪ್ಪನ ಮಗಳು. ಅಂದು, ಕಣ್ಣೆತ್ತಿ ನನ್ನ ಮುಖ ನೋಡಿದಳು, ನಂಬಿದೆನೋ ಇಲ್ಲವೋ ಎಂದು. ನಾನು ಹೂಂ ಅಂದೆ.

ಅವಳು ಸ್ನಾನಕ್ಕೆ ಹೋದಾಗ ಆ ಒಂದು ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ನಮ್ಮ ಅಂಗಡಿಯ ಬಾಗಿಲು ಹಾಕಿತ್ತು. ಎದುರು ಸಾಲಿನಲ್ಲಿ ಔಷಧಿ ಅಂಗಡಿಯವರು ಕೂತಿದ್ದರು. ಎರಡೂ ಕಡೆ ಕೂದಲು ಒಂದೇ ಸಮ ಆಗಿತ್ತು, ಬೇರೆ ಎಲ್ಲೋ ಮುಗಿಸಿಕೊಂಡಿದ್ದರು. ನನ್ನನ್ನು ನೋಡಿ ಏನೋ ತಪ್ಪು ಮಾಡಿದವರ ಹಾಗೆ ತಲೆ ಮುಟ್ಟಿಕೊಂಡರು. ನಾನು ಹಾಳೆ ಬಿಡಿಸಿ ಎರಡನೇ ಚೌಕ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಕನ್ನಡದಲ್ಲಿ ಓದಿ ಹೇಳಿದರು. "'ಮಾತು ಅಸಂಬದ್ಧ ಅನಿಸುತ್ತದೆ. ಆದರೆ ಹೆಂಡತಿ ಹೇಳುವ ಪ್ರಕಾರ, ರೋಗಿ ಯಾವಾಗಲೂ ಹೀಗೇ.'"

ಓದಿ ಮುಗಿಸಿದವರು ಕನ್ನಡಕ ತೆಗೆದು ನಕ್ಕರು. ಕಣ್ಣು ಒದ್ದೆಯಾಗಿತ್ತು. ಅವರಿಗೇನು ಗೊತ್ತು ಪಾಪ. "ಸರಿಯಾಗೇ ಹೇಳಿದ್ದೀರಿ ಬಿಡಿ ಅಕ್ಕ," ಅಂದರು. "ಅವರು ಯಾವಾಗ್ಲೂ ಹಾಗೇ ಅಲ್ವಾ."

ಹಾಳೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಾಗ ಮಗಳು ನೆಲದ ಮೇಲಿನ ಹಾಳೆಗಳನ್ನು ಎಣಿಸುತ್ತಿದ್ದಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಹೋಗಿದ್ದೆ ಅಮ್ಮ?"

"ತಲೆನೋವಿನ ಮಾತ್ರೆ ತರೋಕೆ."

ಅವಳು ನನ್ನ ಖಾಲಿ ಕೈ ನೋಡಿದಳು. "ಎಲ್ಲಿ ಮಾತ್ರೆ?"

"ಇರ್ಲಿಲ್ಲ, ಮುಗಿದಿದೆ ಅಂದ್ರು."

ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಮುಗಿದಿದೆ ಎಂದರೆ ಯಾರಾದರೂ ನಂಬುತ್ತಾರೆಯೇ. "ಸರಿ ಅಮ್ಮ," ಅಂದಳು ಮಗಳು, ಹಾಳೆಗಳನ್ನು ಜೋಡಿಸತೊಡಗಿದಳು.